ಹದಿನಾಲ್ಕನೆಯ ಹೆಸರು

ಮೊನ್ನೆ ಮಿಕ್ಸಿಯ ಗ್ಯಾರಂಟಿ ಕಾರ್ಡು ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ಏನನ್ನಾದರೂ ಹುಡುಕಲು ಕೂತರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಡ್ರಾಯರಿನಿಂದ ಎರಡು ಹಳೆಯ ರಿಮೋಟು, ಯಾರದೋ ಮದುವೆಯ ತಾಂಬೂಲದ ಚೀಲ, ಮುಗಿದುಹೋದ ಕೆಮ್ಮಿನ ಔಷಧಿಯ ಮುಚ್ಚಳ ಎಲ್ಲ ಬಂದವು. ಅವುಗಳ ಅಡಿಯಲ್ಲಿ ನಾಲ್ಕಾಗಿ ಮಡಿಚಿದ ಒಂದು ಹಾಳೆ ಇತ್ತು. ಒಂದು ಮಗ್ಗುಲಲ್ಲಿ ಟ್ಯಾಂಕು ಖಾಲಿಯಿದ್ದಾಗ ಪಂಪು ಓಡಿಸಬೇಡಿ ಎಂಬಂಥ ಅಚ್ಚಾದ ಸೂಚನೆಗಳು. ಇನ್ನೊಂದು ಮಗ್ಗುಲಲ್ಲಿ ನನ್ನ ಕೈಬರಹದ ಹದಿನೇಳು ಹೆಸರು. ಪ್ರತಿ ಹೆಸರಿನ ಮುಂದೆ ಎಡ ಅಥವಾ ಬಲ, ಒಂದೆರಡು ಕಡೆ ಎರಡೂ ಎಂದು ಬರೆದಿತ್ತು.

ಕಾಲೇಜಿನಿಂದ ಆಗಷ್ಟೇ ಬಂದಿದ್ದ ಮಗಳು ದೀಪು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕೊಯಮತ್ತೂರಿನ ನಮ್ಮ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ.

"ಏನಮ್ಮಾ ಇದು, ಮಳಿಗೆ ಸಾಮಾನಾ?"

"ಅಲ್ಲ. ನಾವು ಮೋಟರ್‌ಹೋಮಿನಲ್ಲಿ ಕಚ್‌ಗೆ ಹೋಗಿದ್ವಲ್ಲ, ಆವಾಗ ಬರೆದದ್ದು."

"ನಾವು ಎಲ್ಲಮ್ಮಾ ಕಚ್‌ಗೆ ಹೋದ್ವಿ?"

ಅದೂ ಸರಿಯೇ. ಹತ್ತು ದಿನ ರಜೆ ಹಾಕಿ, ಚಕ್ರವಿರುವ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಗುಜರಾತಿನ ಉಪ್ಪಿನ ಮರುಭೂಮಿ ನೋಡಲು ಹೊರಟ ನಾವು ತಿರುಪ್ಪೂರು ಜಿಲ್ಲೆಯನ್ನು ದಾಟಲೇ ಇಲ್ಲ. ಆದರೂ ವಾಪಸು ಬಂದಾಗ ಗಾಡಿಯ ಮೀಟರು ಆರುನೂರ ನಲವತ್ತು ಕಿಲೋಮೀಟರು ತೋರಿಸುತ್ತಿತ್ತು. ಒಂದೇ ಜಿಲ್ಲೆಯೊಳಗೆ ಅಷ್ಟು ದೂರ ಹೋಗಲು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಗಾಡಿಯ ಮಾಲೀಕರೂ ಅದನ್ನೇ ಕೇಳಿದರು. ನಮ್ಮವರು ಬೀಗದ ಕೈ ಕೊಟ್ಟು ಬಂದುಬಿಟ್ಟರು.

ಆ ಪ್ರವಾಸದ ಯೋಚನೆ ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಚಳ್ಳಕೆರೆ ಕಡೆಯವಳು. ಒಣನೆಲ, ಜಾಲಿಮುಳ್ಳು, ಕಣ್ಣಿಗೆ ಮಣ್ಣು ತೂರುವ ಗಾಳಿ ಎಲ್ಲವನ್ನೂ ಪುಕ್ಕಟೆ ನೋಡಿಕೊಂಡು ಬೆಳೆದವಳು. ಬೇಸಿಗೆಯಲ್ಲಿ ಶಾಲೆಯಿಂದ ಮನೆಗೆ ಬರುವಾಗ ಚಪ್ಪಲಿ ಹರಿದವರು ಪುಸ್ತಕದ ಚೀಲವನ್ನು ನೆಲಕ್ಕೆ ಹಾಕಿ, ಅದರ ಮೇಲೆ ನಿಂತು, ಕಾಲು ತಣಿಸಿಕೊಂಡು, ಮತ್ತೆ ಹತ್ತು ಹೆಜ್ಜೆ ಓಡುತ್ತಿದ್ದೆವು. ಅಂಥವಳಿಗೆ ಬಾಡಿಗೆ ಕೊಟ್ಟು ಒಣನೆಲ ನೋಡುವ ಆಸೆ ಹುಟ್ಟುವುದಿಲ್ಲ. ನಮ್ಮವರಿಗೆ ಹುಟ್ಟಿತು. ಅವರು ಪಂಪು ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನೌಕರಿಗೆ ಸೇರಿದಂದಿನಿಂದ ನೆಲದಡಿಯ ನೀರು ಮೇಲೆತ್ತುವುದೇ ಕೆಲಸ. ಯಾರೋ ಗಂಡಹೆಂಡತಿ ಮಕ್ಕಳು ಮೋಟರ್‌ಹೋಮಿನಲ್ಲಿ ಮರುಭೂಮಿ ಸುತ್ತುವ ವೀಡಿಯೊ ನೋಡಿದ್ದೇ ತಡ, ನೀರೇ ಇಲ್ಲದ ಕಡೆಗೆ ಒಮ್ಮೆ ಹೋಗಿ ಬರಬೇಕು ಎಂದು ಹಟ ಹಿಡಿದರು.

ಮಾವನವರನ್ನು ಬರ್ತೀರಾ ಎಂದು ಕೇಳಿದ್ದು ಮರ್ಯಾದೆಗೆ. ಎಪ್ಪತ್ತಾರು ವರ್ಷದ ಅವರು ಬರುವುದಿಲ್ಲ ಎನ್ನುತ್ತಾರೆ, ಪಕ್ಕದ ಮನೆಯವರಿಗೆ ಹೇಳಿ ಹೋದರಾಯಿತು ಎಂದುಕೊಂಡಿದ್ದೆ. ಅವರು ತಕ್ಷಣ, "ಬರ್ತೀನಿ ಅಮ್ಮಣಿ. ಯಾವತ್ತು?" ಎಂದರು. ಸಂಶಯ ಬರಬೇಕಾಗಿದ್ದದ್ದು ಆಗಲೇ.

ಮಾವನವರ ಹೆಸರು ಚೌಡಪ್ಪ. ನೆಗಮಂ ಎಂಬ ಊರಿನವರು, ತಲೆಮಾರುಗಳಿಂದ ತಮಿಳು ಸೀಮೆಯಲ್ಲಿದ್ದೂ ಮನೆಯೊಳಗೆ ಕನ್ನಡವನ್ನೇ ಆಡುವ ನೇಕಾರರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ವಾರಕ್ಕೆರಡು ದಿನ ಬಸ್ಸು ಹಿಡಿದು ನೆಗಮಂಗೆ ಹೋಗಿ, ದಾಯಾದಿ ತಮ್ಮನ ಮನೆಯ ಗುಂಡಿಮಗ್ಗದಲ್ಲಿ ಕೂತು ಸಂಜೆಗೆ ಬರುತ್ತಿದ್ದರು. "ಸುಮ್ನೆ ಕಾಲು ಆಡಿಸಿ ಬರ್ತೀನಿ ಅಮ್ಮಣಿ" ಎನ್ನುತ್ತಿದ್ದರು. ನಾವೂ ಹಾಗೆಯೇ ನಂಬಿದ್ದೆವು. ಅವರು ನೇಯ್ದ ಹತ್ತಿ ಸೀರೆಗಳು ನನ್ನ ಬೀರುವಿನಲ್ಲಿ ಆರೇಳಿವೆ. ಎಲ್ಲದರಲ್ಲೂ ಒಂದೇ ದೋಷ. ಎಡಗಡೆಯ ಅಂಚು ಒಂದು ಕೂದಲಿನಷ್ಟು ಬಿಗಿ. ಎರಡು ಸಲ ಒಗೆದರೆ ಅಲ್ಲಿ ಸಣ್ಣಗೆ ಸುಕ್ಕು ಹಿಡಿಯುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಸೀರೆ ಕೊಳ್ಳುವ ವ್ಯಾಪಾರಿ ಇದಕ್ಕಾಗಿಯೇ ಅವರನ್ನು ಬೈಯುತ್ತಿದ್ದನಂತೆ.

ಮದುವೆಯಾದ ಹೊಸತರಲ್ಲಿ, ನನ್ನ ನಾಲಿಗೆ ಸುಮ್ಮನಿರದೆ, ಇದು ಹೀಗೇಕೆ ಎಂದು ಕೇಳಿದ್ದೆ. ಅವರು ನಕ್ಕು ಹೇಳಿದ್ದರು. ಹತ್ತು ವರ್ಷದ ಹುಡುಗನಾಗಿದ್ದಾಗ ಅವರಿಗೆ ಮಗ್ಗ ಕಲಿಸಿದ್ದು ಅವರ ಅಕ್ಕ. ಅವಳು ಎಡಗಡೆ ಕೂರುತ್ತಿದ್ದಳು. ಲಾಳಿ ತನ್ನ ಕಡೆಗೆ ಬಂದಾಗಲೆಲ್ಲ ನೂಲು ಸಡಿಲಾದೀತು ಎಂದು ಎಳಿ, ಎಳಿ ಎನ್ನುತ್ತಿದ್ದಳು. ಬಿಗಿಯಾದ ಮೇಲೆ ಸಾಕು ಎನ್ನುತ್ತಿದ್ದಳು. ಕಿವಿಯಲ್ಲಿ ಆ ಎಳಿ ಕೂತುಬಿಟ್ಟಿತು, ಕೈ ಇವತ್ತಿಗೂ ಎಳೆಯುತ್ತದೆ ಎಂದಿದ್ದರು. ಆ ಅಕ್ಕ ಈಗೆಲ್ಲಿ ಎಂದು ಕೇಳಿದೆ. ಮಾವ ಎದ್ದು ನೀರು ಕುಡಿಯಲು ಹೋದರು. ನಮ್ಮವರು ನನಗೆ ಕಣ್ಣು ಮಾಡಿದರು. ಆಮೇಲೆ ಇಪ್ಪತ್ತನಾಲ್ಕು ವರ್ಷ ನಾನು ಆ ಮಾತೆತ್ತಲಿಲ್ಲ.

ಹೊರಟ ದಿನ ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿ ಜೋರಾಗಿತ್ತು. ಮಾವ ಒಂದು ಹಳದಿ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಗಾಡಿ ಹತ್ತಿ, ಒಳಗಿದ್ದದ್ದನ್ನೆಲ್ಲ ಮುಟ್ಟಿ ನೋಡಿದರು. ಮಡಚುವ ಮಂಚ, ಗೋಡೆಯೊಳಗಿನ ಫ್ರಿಜ್ಜು ಎಲ್ಲ ಮೆಚ್ಚಿಗೆಯಾಯಿತು. ಒಲೆಯಿಂದ ಮೂರು ಮೊಳ ದೂರದಲ್ಲಿ ಕಕ್ಕಸಿನ ಬಾಗಿಲು ಕಂಡಾಗ ಮಾತ್ರ ಅವರ ಮುಖ ಸಣ್ಣದಾಯಿತು.

"ಅಮ್ಮಣಿ, ಈ ಮನೆವಂಡೀಲಿ ಇಲ್ಲಿ ಸಾರು ಕುದೀತದೆ, ಅಲ್ಲಿ ಅದು. ನನಗೆ ಒಂದು ಚೊಂಬು ಕೊಟ್ಟುಬುಡು. ನಾನು ಕಾಡಿಗೇ ಹೋಗ್ಬುಡ್ತೀನಿ."

ಈ ಕಡೆ ಹೊಲಕ್ಕೂ ಕಾಡು ಎನ್ನುತ್ತಾರೆ. ಆ ಚೊಂಬು ಮುಂದೆ ಬಹಳ ಕೆಲಸಕ್ಕೆ ಬಂತು.

ಅವಿನಾಶಿ ರಸ್ತೆ ಹಿಡಿದು ಒಂದು ಗಂಟೆಯಾಗಿರಲಿಲ್ಲ. ಮಾವ ಬಲಕ್ಕೆ ತಿರುಗಿಸು ಎಂದರು. ಕಾಂಗೇಯಂ ದಾಟಿ ಒಂದು ಹರಕೆ ಇದೆ, ಅರ್ಧ ದಿನದ ಮಾತು ಎಂದರು. ಹರಕೆ ಎಂದ ಮೇಲೆ ಯಾರು ಎದುರಾಡುತ್ತಾರೆ? ನಮ್ಮವರು ತಿರುಗಿಸಿದರು. ದೀಪುವಿನ ಫೋನಿನಲ್ಲಿ ದಾರಿ ಹೇಳುವ ಹೆಣ್ಣು ದನಿ, ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎಂದು ಗೋಗರೆಯತೊಡಗಿತು.

"ಆ ಪೊಣ್ಣು ಯಾರು, ಇಷ್ಟು ಬಾಯಿ ಮಾಡ್ತಾಳೆ? ಅವಳಿಗೇನು ಗೊತ್ತು ಈ ದಾರಿ? ನೇರಾ ಹೋಗು ನೀನು."

ಕಾಂಗೇಯಂ ಬಂತು, ಹೋಯಿತು. ಹರಕೆ ಎಲ್ಲಿ ಎಂದರೆ ಇನ್ನೂ ಮುಂದೆ. ವೆಳ್ಳಕೋವಿಲ್ ಬಂತು. ಅಲ್ಲಿಂದ ಎಡಕ್ಕೆ. ಮತ್ತೆ ಬಲಕ್ಕೆ. ಮೂಲನೂರು ಕಡೆಗೆ ಇಳಿದೆವು. ಸಂಜೆಯ ಹೊತ್ತಿಗೆ ಫೋನಿನ ಹೆಣ್ಣೂ ಸುಮ್ಮನಾದಳು. ಸಿಗ್ನಲ್ ಹೋಗಿತ್ತು. ಸುತ್ತ ಎತ್ತ ನೋಡಿದರೂ ಕಿಳುವೆ ಗಿಡದ ಮುಳ್ಳುಬೇಲಿ, ಬೇಲಿಯೊಳಗೆ ಒಣಹುಲ್ಲು, ಒಂದೆರಡು ಬೂದು ಬಣ್ಣದ ಎತ್ತು, ತಾಳೆಮರ. ಅವೆಲ್ಲದರ ಮೇಲೆ ನೂರಾರು ಗಾಳಿಯಂತ್ರಗಳು ತಿರುಗುತ್ತಿದ್ದವು. ಇಲ್ಲಿನವರು ಅವನ್ನು ಕಾತ್ತಾಡಿ ಎನ್ನುತ್ತಾರೆ. ಎಲ್ಲ ಒಂದೇ ಎತ್ತರ, ಒಂದೇ ಬಿಳುಪು. ಈ ಕಾತ್ತಾಡಿಯನ್ನು ಆಗಲೇ ನೋಡಿದೆವಲ್ಲ ಎಂದು ನಾನು, ಇಲ್ಲ ಇದು ಬೇರೆ ಎಂದು ನಮ್ಮವರು, ಎರಡು ದಿನ ಜಗಳವಾಡಿದೆವು. ಇಬ್ಬರಿಗೂ ಗೊತ್ತಿರಲಿಲ್ಲ.

ನಿಮ್ಮನ್ನಾದರೂ ಗೊಂದಲದಲ್ಲಿ ಇಡುವುದು ಬೇಡ. ನಮಗೆ ಮೂರನೆಯ ದಿನ ಗೊತ್ತಾದದ್ದನ್ನು ನಿಮಗೆ ಈಗಲೇ ಹೇಳುತ್ತೇನೆ. ಮಾವ ಹುಡುಕುತ್ತಿದ್ದದ್ದು ಅವರ ಅಕ್ಕನನ್ನು. ಮೂವತ್ತು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಅಕ್ಕನ ಮನೆಯವರು ನೆಗಮಂ ಬಿಟ್ಟು ತಿರುಪ್ಪೂರಿಗೆ ಬನಿಯನ್ ಕಂಪನಿ ಕೆಲಸಕ್ಕೆ ಹೋದರು, ಅಲ್ಲಿಂದ ಇನ್ನೆಲ್ಲಿಗೋ ಹೋದರು. ಕಾಲು ಆಡಿಸಲು ಹೋಗುತ್ತಿದ್ದ ಮಾವ ಆರು ತಿಂಗಳು ಕೂತು ಅಕ್ಕನಿಗೊಂದು ಸೀರೆ ನೇಯ್ದಿದ್ದರು. ಹಳದಿ ಚೀಲದಲ್ಲಿ ಇದ್ದದ್ದು ಅದೇ. ಅಕ್ಕನಿಗೆ ಈಗ ಎಂಬತ್ತು. ಇದನ್ನು ಕೈಗೆ ಕೊಡುವ ಮೊದಲು ಇಬ್ಬರಲ್ಲಿ ಯಾರೊಬ್ಬರು ಹೋದರೂ ಆ ಸೀರೆಗೆ ಅರ್ಥವಿಲ್ಲ ಎಂಬ ಹೆದರಿಕೆ ಅವರಿಗೆ. ನೆಂಟರನ್ನು ಕೇಳಿದ್ದರೆ ವಿಳಾಸ ಸಿಗುತ್ತಿತ್ತು. ಆದರೆ ಕೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಅಕ್ಕ ಬೇಡ ಎಂದರೆ ಅದೂ ಊರಿಗೆಲ್ಲ ಗೊತ್ತಾಗುತ್ತದೆ. ಯಾವುದೋ ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಆಡಿದ ಮಾತೊಂದು ಅವರ ಕಿವಿಗೆ ಬಿದ್ದಿತ್ತು. ಅವಳೀಗ ಧಾರಾಪುರದ ಆಚೆಗಿದ್ದಾಳೆ, ಮನೆಯ ಪಕ್ಕದಲ್ಲೇ ಒಂದು ಕಾತ್ತಾಡಿ ಇದೆ ಎಂದು. ಅವರ ಬಳಿ ಇದ್ದ ಗುರುತು ಅಷ್ಟೇ.

ಇದ್ಯಾವುದೂ ತಿಳಿಯದ ನಾವು ಅವರು ನಿಲ್ಲಿಸು ಎಂದಲ್ಲಿ ನಿಲ್ಲಿಸುತ್ತಿದ್ದೆವು. ಮಾವ ಚೊಂಬು ಹಿಡಿದು ಇಳಿಯುತ್ತಿದ್ದರು. ಪೊದೆಯ ಕಡೆಗೆ ಹೋಗಬೇಕಾದವರು ನೇರವಾಗಿ ಯಾರದೋ ಮನೆಯ ಬೇಲಿಗೆ ಹೋಗಿ, ಅಲ್ಲಿ ಒಣಗಲು ಹಾಕಿದ ಸೀರೆಯ ಅಂಚನ್ನು ಎತ್ತಿ, ಹಿಂದುಮುಂದು ತಿರುಗಿಸಿ ನೋಡಿ, ತಲೆ ಕೊಡವಿ ವಾಪಸು ಬರುತ್ತಿದ್ದರು.

"ವಿಸೈತ್ತರಿ," ಎನ್ನುತ್ತಿದ್ದರು ಗಾಡಿ ಹತ್ತುತ್ತಾ. ಕರೆಂಟು ಮಗ್ಗದ್ದು ಎಂದರ್ಥ.

ಅವರ ಮನೆತನದ ಸೀರೆಗಳಲ್ಲಿ ಅಂಚಿನ ಎರಡು ಪಟ್ಟಿಗಳ ನಡುವೆ ಸಾಸಿವೆ ಬಣ್ಣದ ಒಂದೇ ಒಂದು ಎಳೆ ಓಡುತ್ತದೆ. ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಆ ಎಳೆ ಯಾವ ಬೇಲಿಯ ಮೇಲೆ ಕಾಣುತ್ತದೋ ಅದು ಅಕ್ಕನ ಮನೆ ಎಂಬುದು ಅವರ ಲೆಕ್ಕಾಚಾರ. ನಮಗೆ ಮಾತ್ರ ವಯಸ್ಸಾದ ಮೇಲೆ ಇದೇನು ಹೊಸ ಚಟ ಎಂದು ಕಳವಳವಾಯಿತು. ಎರಡನೆಯ ದಿನ ಒಬ್ಬ ಹೆಂಗಸು ಪೊರಕೆ ಹಿಡಿದೇ ಬಂದಳು.

"ಯಾರುಂಗ ಅದು? ಸೇಲೆಯ ಎದುಕ್ಕು ಪುಡಿಕ್ಕಿರೀಂಗ?" ಸೀರೆಗೇಕೆ ಕೈ ಹಾಕುತ್ತೀರಿ ಎಂದು ಗದರಿದಳು.

ನಾನು ಕೆಳಗಿಳಿದು, ಇವರು ನೇಕಾರರು, ಸೀರೆ ಕಂಡರೆ ಕೈ ಸುಮ್ಮನಿರುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ನನ್ನ ಹರಕು ತಮಿಳಿನಲ್ಲಿ ಬೇಡಿಕೊಂಡೆ. ಅವಳು ಪೊರಕೆ ಕೆಳಗಿಟ್ಟು ನಮಗೆಲ್ಲ ಮಜ್ಜಿಗೆ ಕೊಟ್ಟಳು. ಈ ಕಡೆಯ ಜನ ಹಾಗೆ. ಬೈಯುವುದಕ್ಕೆ ಬಂದವರೂ ಏನಾದರೂ ಕುಡಿಸದೆ ಕಳಿಸುವುದಿಲ್ಲ.

ಕಣ್ಣಿನ ಸಂಗತಿ ಶುರುವಾದದ್ದೂ ಅದೇ ಅಂಗಳದಲ್ಲಿ. ನಮ್ಮವರಿಗೆ ಇಡೀ ಪ್ರವಾಸದಲ್ಲಿ ಇದ್ದದ್ದು ಒಂದೇ ಚಿಂತೆ, ಗಾಡಿಯ ನೀರಿನ ಪಂಪಿನ ಸದ್ದು ಸರಿಯಿಲ್ಲ ಎಂಬುದು. ನಿಂತಲ್ಲೆಲ್ಲ ಟಾರ್ಚು ಹಿಡಿದು ಗಾಡಿಯ ಅಡಿಗೆ ತೂರುತ್ತಿದ್ದರು. ಆ ದಿನ ಬಿಳಿ ಅಂಗಿ ಹಾಕಿದ್ದರು. ಗಾಡಿಯೂ ಬಿಳಿ, ಬಾಗಿಲಿಗೆ ಮೆಟ್ಟಿಲು ಬೇರೆ. ಅವರು ಅಡಿಯಿಂದ ಎದ್ದು ಬಂದಾಗ ಎದುರಿಗೆ ಒಬ್ಬ ಮುದುಕಿ ನಿಂತಿದ್ದಳು.

"ಕಣ್ಣಾಸ್ಪತ್ತಿರಿ ವಂಡಿಂಗಳಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ತೋರಿಸಿದಳು.

ನಮ್ಮವರು ಯಾರಿಗೂ ಇಲ್ಲ ಎನ್ನಲಾರರು. ಇಲ್ಲ ಎನ್ನಲು ಬಂದಿದ್ದರೆ ಕಾಂಗೇಯಂ ರಸ್ತೆಗೇ ತಿರುಗುತ್ತಿರಲಿಲ್ಲ. ಕೈಯಲ್ಲಿದ್ದ ಟಾರ್ಚಿನ ಬೆಳಕನ್ನು ಅವಳ ಕಣ್ಣಿಗೆ ಬಿಟ್ಟರು. ಬಗ್ಗಿ ನೋಡಿದರು.

"ಪೊರೆ ಕೊಂಜ ಇರ್ಕುಂಗ," ಎಂದರು, ಪೊರೆ ಸ್ವಲ್ಪ ಇದೆ ಎಂದು.

ನಾನು ಹಣೆ ಚಚ್ಚಿಕೊಂಡೆ. ಅರ್ಧ ಗಂಟೆಯಲ್ಲಿ ಆರು ಜನ ಸಾಲು ನಿಂತರು. ಇದು ಆಸ್ಪತ್ರೆ ಗಾಡಿಯಲ್ಲ, ಇವರು ಡಾಕ್ಟರಲ್ಲ, ಮೋಟರು ಪಂಪಿನವರು ಎಂದು ಎಷ್ಟು ಹೇಳಿದರೂ ಯಾರೂ ಕದಲಲಿಲ್ಲ. ಬಿಸಿಲಿನಲ್ಲಿ ನಿಂತ ಮುದುಕರನ್ನು ಬರಿಗೈಲಿ ಕಳಿಸುವುದು ಹೇಗೆ? ಊರಿಗೆ ಹೋದ ಮೇಲೆ ನಿಜವಾದ ಕಣ್ಣಾಸ್ಪತ್ರೆಗೆ ತಿಳಿಸುತ್ತೇವೆ ಎಂದು ಸಮಾಧಾನ ಹೇಳಿ, ಪಂಪಿನ ಸೂಚನೆಯ ಹಾಳೆ ತಿರುಗಿಸಿ ಹೆಸರು ಬರೆದುಕೊಂಡೆ. ಮಾರನೆಯ ದಿನ ಮುಂದಿನ ಹಳ್ಳಿಗೆ ನಮಗಿಂತ ಮೊದಲೇ ಸುದ್ದಿ ಹೋಗಿತ್ತು. ಗಾಡಿ ನಿಲ್ಲುವ ಮೊದಲೇ ಏಳು ಜನ ಬೇವಿನ ಮರದ ಕೆಳಗೆ ಕಾದಿದ್ದರು.

ಆ ಮೂರನೆಯ ದಿನ ನನ್ನ ತಾಳ್ಮೆ ತೀರಿತು. ಕುಂಡಡಂ ಕಡೆಯ ಒಂದು ಟೀ ಅಂಗಡಿಯಲ್ಲಿ ಮಾವನ ಎದುರಿಗೆ ಕೂತು, "ಮಾವ, ನಿಜ ಹೇಳಿ, ನಾವು ಎಲ್ಲಿಗೆ ಹೋಗ್ತಿದ್ದೀವಿ?" ಎಂದು ಕೇಳಿದೆ. ಅವರು ಟೀ ಲೋಟವನ್ನು ತಿರುಗಿಸುತ್ತಾ, ತಿರುಗಿಸುತ್ತಾ, ಎಲ್ಲ ಹೇಳಿದರು.

ಅಕ್ಕನ ಮಗಳು ದೊಡ್ಡವಳಾದಾಗ ಸೋದರಮಾವನಾಗಿ ಅವರು ಸೀರೆ ತರಬೇಕಿತ್ತು. ನೇಕಾರರ ಮನೆಯಲ್ಲಿ ಆ ಸೀರೆಯನ್ನು ಸೋದರಮಾವ ತನ್ನ ಕೈಯಲ್ಲೇ ನೇಯ್ದು ತರಬೇಕು. ನೇಯ್ದೂ ಇದ್ದರು. ಹಿಂದಿನ ದಿನ ವ್ಯಾಪಾರಿ ಬಂದು ಆ ಸೀರೆಯನ್ನು ನೋಡಿ, ಚೌಡಪ್ಪಾ, ಇಂಥದ್ದು ನಿನ್ನ ಮಗ್ಗದಲ್ಲಿ ಇದೇ ಮೊದಲು ಎಂದನಂತೆ. ಎಡ ಅಂಚಿಗಾಗಿ ಬೈದವನ ಬಾಯಲ್ಲಿ ಹೊಗಳಿಕೆ ಬಂದದ್ದು ಅದೊಂದೇ ಸಲ.

"ಹೊಗಳಿಬುಟ್ಟ ಅಮ್ಮಣಿ. ಅವನಿಗೇ ಮಾರಿಬುಟ್ಟೆ. ಜವಳಿ ಅಂಗಡಿಗೆ ಹೋಗಿ ಅದೇ ಬಣ್ಣದ್ದು ಒಂದು ತಗೊಂಡು ಹೋದೆ. ಯಾರಿಗೆ ಗೊತ್ತಾಗ್ತದೆ ಅಂದ್ಕೊಂಡೆ. ಅಕ್ಕ ತಟ್ಟೆಯಿಂದ ಎತ್ತಿ, ಹೆಬ್ಬೆರಳಲ್ಲಿ ಎಡಗಡೆ ಅಂಚು ಹಿಂಗೆ ಸವರಿದಳು. ಇದು ನಿನ್ನ ಕೈದಲ್ಲ ಅಂದಳು. ಅಷ್ಟೇ. ಎಲ್ಲಾರೂ ಕೂತಿದ್ದರು. ಸೀರೆ ತಟ್ಟೇಲೇ ಇಟ್ಟುಬುಟ್ಟಳು."

"ನೀವು ಏನಂದ್ರಿ?"

"ನಾನು ಕೋಪ ಮಾಡ್ಕೊಂಡೆ. ತಪ್ಪು ನಂದು, ಕೋಪಾನೂ ನಂದು. ವರುಷಾ ವರುಷಾ ಕೊಡೋ ತವರು ಸೀರೇನೂ ನಿಲ್ಲಿಸ್ಬುಟ್ಟೆ."

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ನನಗೆ ಗೊತ್ತು, ನೀವೂ ಹಾಗೇ ಅನ್ನುತ್ತೀರಿ. ಆದರೆ ಮೂರು ದಿನದ ಗಾಳಿಗೆ ತಲೆ ಕೆಟ್ಟಿತ್ತು, ಬೇಲಿಗಳ ಗುಟ್ಟು ಆಗಷ್ಟೇ ಬಿಚ್ಚಿತ್ತು.

"ಮಾವ, ಮೂವತ್ತು ವರ್ಷದಿಂದ ನೀವು ಸೀರೇನೇ ಕೊಟ್ಟಿಲ್ಲ. ಮತ್ತೆ ಅವರ ಬೇಲಿ ಮೇಲೆ ನಿಮ್ಮ ಸೀರೆ ಹೇಗಿರುತ್ತೆ?"

ಮಾವ ನನ್ನನ್ನೇ ನೋಡಿದರು. ಹತ್ತಿ ಸೀರೆ ಎಷ್ಟು ವರ್ಷ ಬಾಳುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಜೀವನವಿಡೀ ಅದನ್ನೇ ನೇಯ್ದವರು. ಹಳೆಯ ಸೀರೆ ಮಕ್ಕಳ ತೊಟ್ಟಿಲಾಗುತ್ತದೆ, ಮಸಿಬಟ್ಟೆಯಾಗುತ್ತದೆ, ಕೊನೆಗೆ ದೀಪದ ಬತ್ತಿಯಾಗುತ್ತದೆ. ಆದರೂ ಅವರ ಕಣ್ಣೊಳಗೆ ಅಕ್ಕ ಮೂವತ್ತು ವರ್ಷದಿಂದ ತಮ್ಮ ಸೀರೆಯನ್ನೇ ಉಟ್ಟುಕೊಂಡು ಓಡಾಡುತ್ತಿದ್ದಳು. ಲೋಟವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು.

"ಇರಲ್ಲ ಅಮ್ಮಣಿ," ಎಂದರು. "ನಾನು ಕೊಡದೇ ಇರೋ ಸೀರೇನ ನಾನೇ ಹುಡುಕ್ತಾ ಇದ್ದೆ. ಸಾಕು, ಊರಿಗೆ ತಿರುಗಿಸೋಕೆ ಹೇಳು."

ನನ್ನ ಮಾತಿನಿಂದ ಎಷ್ಟೋ ಕಡೆ ಎಡವಟ್ಟಾಗಿದೆ, ಅದಕ್ಕೆಲ್ಲ ನಾನು ಹೆಚ್ಚು ತಲೆ ಕೆಡಿಸಿಕೊಂಡವಳಲ್ಲ. ಆ ಟೀ ಅಂಗಡಿಯ ಬೆಂಚು ಮಾತ್ರ ಇವತ್ತಿಗೂ ಚುಚ್ಚುತ್ತದೆ. ಆ ದಿನ ಮಾವ ಊಟ ಮಾಡಲಿಲ್ಲ. ನಮ್ಮವರು ನಿಧಾನವಾಗಿ, ಸೋದರತ್ತೆಯ ಹೆಸರು ಹೇಳಿ ಊರೂರಲ್ಲಿ ವಿಚಾರಿಸೋಣ ಅಪ್ಪಾ ಎಂದರು. ಮಾವ ಬೇಡ ಎಂದು ಕೈ ಅಲ್ಲಾಡಿಸಿದರು. ಹುಡುಕುವ ಯೋಗ್ಯತೆಯೇ ತಮಗಿಲ್ಲ ಎಂದು ಅವರು ತೀರ್ಮಾನಿಸಿಬಿಟ್ಟ ಹಾಗಿತ್ತು. ಹಳದಿ ಚೀಲವನ್ನು ಕಂಕುಳಿಂದ ತೆಗೆದು ಮಂಚದ ಮೂಲೆಗೆ ಹಾಕಿದರು. ಮೂರು ದಿನದಲ್ಲಿ ಆ ಚೀಲ ಅವರ ಮೈಯಿಂದ ಬೇರೆಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾಲ್ಕನೆಯ ದಿನ ಬೆಳಿಗ್ಗೆ ಹೊರಡುವ ಗಡಿಬಿಡಿ. ರಸ್ತೆ ಬದಿಯ ಒಂದು ಬಯಲಿನಲ್ಲಿ ಗಾಡಿ ನಿಂತಿತ್ತು. ನಮ್ಮವರು ಪಂಪು ಓಡಿಸಿ ಕೊನೆಯ ಸಲ ಅದರ ಸದ್ದು ಕೇಳುತ್ತಿದ್ದರು. ದೀಪು ಪಾತ್ರೆ ಒರೆಸುತ್ತಿದ್ದಳು. ಮಾವ ಚೊಂಬು ಹಿಡಿದು ಹೋಗಿದ್ದರು, ಈ ಸಲ ನಿಜವಾಗಿ ಪೊದೆಯ ಕಡೆಗೇ. ಅಷ್ಟರಲ್ಲಿ ಕೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ಗಾಳಿಯನ್ನು ತಡವಿಕೊಂಡು ಒಬ್ಬ ಅಜ್ಜಿ ಬಂದರು. ಮೈಮೇಲೆ ಬಣ್ಣ ಹೋದ ನೈಲಾನ್ ಸೀರೆ.

"ಕಣ್ ಡಾಕ್ಟರು ಇರ್ಕಾರುಂಗಳಾ?"

ಇನ್ನೂ ಒಬ್ಬರು ಎಂದುಕೊಂಡು ನಾನು ಹಾಳೆ ತೆಗೆದೆ. ತಮಿಳಿನಲ್ಲಿ ಹೆಸರು ಕೇಳಿದೆ. ನಾಗಮ್ಮ ಎಂದರು. ಹದಿನಾಲ್ಕು ಎಂದು ಅಂಕಿ ಹಾಕಿ ಬರೆದುಕೊಂಡೆ. ಯಾವ ಕಣ್ಣು ಎಂದು ಬಾಯಿತಪ್ಪಿ ಕನ್ನಡದಲ್ಲೇ ಕೇಳಿದೆ.

"ಎರಡೂ ಮಂಜಾಗೋಯ್ತು ತಾಯಿ. ಮನೆ ಪಕ್ಕದಲ್ಲಿ ಅಷ್ಟೆತ್ತರ ಕಾತ್ತಾಡಿ ನಿಂತದೆ, ಸದ್ದು ಕೇಳ್ತದೆ, ಕಾಣಲ್ಲ."

ಎರಡೂ ಎಂದು ಬರೆದೆ. ಈಗ ನೆನೆಸಿಕೊಂಡರೆ ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯದು. ಸುತ್ತ ನಾಲ್ಕು ಊರಿನಲ್ಲಿ ಯಾರೂ ಆಡದ ಭಾಷೆಯಲ್ಲಿ ಆ ಅಜ್ಜಿ ಉತ್ತರ ಕೊಟ್ಟಿದ್ದರು. ಮನೆಯ ಪಕ್ಕದ ಕಾತ್ತಾಡಿಯ ಮಾತನ್ನೂ ಆಡಿದ್ದರು. ಆದರೆ ದಿನವೂ ಮನೆಯಲ್ಲಿ ಕೇಳುವ ಕನ್ನಡ ಅದು, ಕಿವಿಗೆ ಹೊಸದೆನಿಸಲೇ ಇಲ್ಲ. ಮಾವನೂ ನಮ್ಮೆದುರು ಅಕ್ಕ ಎಂದಿದ್ದರೇ ಹೊರತು ಹೆಸರು ಹಿಡಿದು ಹೇಳಿರಲಿಲ್ಲ. ಅವರು ಕನ್ನಡದಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಬಿಸಿಲಲ್ಲಿ ನಿಲ್ಲಬೇಡಿ, ಒಳಗೆ ಕೂತು ಸ್ವಲ್ಪ ನೀರು ಕುಡಿಯಿರಿ ಎಂದು ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ.

ಅಜ್ಜಿ ಮಂಚದ ಮೇಲೆ ಕೂತರು. ಕಣ್ಣು ಕಾಣದವರು ಹೊಸ ಜಾಗದಲ್ಲಿ ಮಾಡುವ ಹಾಗೆ ಸುತ್ತ ಕೈಯಾಡಿಸಿದರು. ಮೂಲೆಯಲ್ಲಿದ್ದ ಹಳದಿ ಚೀಲಕ್ಕೆ ಕೈ ತಾಗಿತು. ಚೀಲದ ಬಾಯಿಂದ ಸೀರೆಯ ಒಂದು ಮಡಿಕೆ ಹೊರಗೆ ಬಂದಿತ್ತು. ಬಟ್ಟೆ ಎಂದು ಗೊತ್ತಾದೊಡನೆ ಅವರ ಬೆರಳುಗಳು ತಾವಾಗಿಯೇ ಕೆಲಸಕ್ಕೆ ತೊಡಗಿದವು. ಮಡಿಕೆ ಬಿಡಿಸಿದರು. ಒಂದು ಬದಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ಬಿಟ್ಟರು. ಇನ್ನೊಂದು ಬದಿಯದನ್ನು ಸವರಿದರು. ಹೆಬ್ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಸವರಿತು.

ನೀರಿನ ಲೋಟ ಹಿಡಿದು ನಿಂತಿದ್ದ ನನಗೆ ಆಗ ಎಲ್ಲ ಒಟ್ಟಿಗೆ ತಿಳಿಯಿತು. ಕೂಗಿ ಮಾವನನ್ನು ಕರೆಯಬೇಕೆಂದರೆ ದನಿ ಬರಲಿಲ್ಲ. ಜೀವಮಾನದಲ್ಲಿ ನನ್ನ ಬಾಯಿ ಕೈಕೊಟ್ಟದ್ದು ಅದೊಂದೇ ಸಲ.

"ಚೌಡಾ," ಎಂದರು ಅಜ್ಜಿ. ಪಕ್ಕದ ಕೋಣೆಯಲ್ಲಿರುವವರನ್ನು ಊಟಕ್ಕೆ ಕರೆಯುವಷ್ಟೇ ದನಿ.

ಹೊರಗೆ ಪಂಪಿನ ಸದ್ದು ನಿಂತಿತು. ಮಾವ ಮೆಟ್ಟಿಲ ಬಳಿ ಬಂದು ನಿಂತಿದ್ದರು, ಕೈಯಲ್ಲಿ ಖಾಲಿ ಚೊಂಬು. ಎಷ್ಟು ಹೊತ್ತಿನಿಂದ ನಿಂತಿದ್ದರೋ ನನಗೆ ಗೊತ್ತಿಲ್ಲ. ಒಳಗೆ ಬಂದವರು ಮಂಚದ ಮೇಲೆ ಕೂರಲಿಲ್ಲ. ಅಕ್ಕನ ಕಾಲಿನ ಬಳಿ ನೆಲದ ಮೇಲೆ ಕೂತರು. ಅಕ್ಕ ಅವರ ಮುಖ ತಡವಲಿಲ್ಲ, ಅಳಲಿಲ್ಲ, ಎಲ್ಲಿದ್ದೆ ಇಷ್ಟು ವರ್ಷ ಎಂದು ಕೇಳಲಿಲ್ಲ. ಹೆಬ್ಬೆರಳು ಇನ್ನೂ ಆ ಎಡ ಅಂಚಿನ ಮೇಲೆಯೇ ಇತ್ತು.

"ಇನ್ನೂ ಎಳೀತೀಯಾ?" ಎಂದರು.

"ನೀನು ಸಾಕು ಅನ್ನಲಿಲ್ಲವಲ್ಲಕ್ಕಾ," ಎಂದರು ಮಾವ.

ಅಕ್ಕ ಸೀರೆಯನ್ನು ಮಡಿಲಿಗೆ ಎಳೆದುಕೊಂಡರು. ಇನ್ನೊಂದು ಕೈಯಿಂದ ತಮ್ಮನ ತಲೆ ಹುಡುಕಿ, ಸಿಕ್ಕಿದ ಮೇಲೆ ಅದರ ಮೇಲೆ ಕೈಯಿಟ್ಟು ಹೇಳಿದರು.

"ಸಾಕು."